ಮೈನಸ್ ಎಂಬತ್ತರಲ್ಲಿ ಒಂದು ರಾತ್ರಿ

ಸೆಪ್ಟೆಂಬರ್ 29, ಸೋಮವಾರ

ಇವತ್ತೂ ಪಿಪೆಟ್ ಪ್ರಾಕ್ಟೀಸ್. ಇವತ್ತೂ ಅಳತೆ ತಪ್ಪು. ಎಂಎಸ್ಸಿ ಸೇರಿ ಐದು ವಾರ, ಹತ್ತು ಮೈಕ್ರೋಲೀಟರ್ ಸರಿಯಾಗಿ ಎತ್ತಲು ಬರುವುದಿಲ್ಲ. ಅಕ್ಷತಾ ಅಕ್ಕ ನಗಲಿಲ್ಲ. ಪಿಎಚ್‌ಡಿ ಕೊನೆಯ ವರ್ಷ, ನಗಲು ಟೈಮ್ ಎಲ್ಲಿ.

ಅವರ ಎನ್ಜೈಮ್ ತೋರಿಸಿದರು. ಬೆರಳ ತುದಿಯಷ್ಟು ಟ್ಯೂಬ್. ಮನುಷ್ಯರ ಜೀನನ್ನು ಬ್ಯಾಕ್ಟೀರಿಯಾದೊಳಗೆ ಸೇರಿಸಿ ಮಾಡಿಸಿದ್ದಂತೆ. ಡಿಎನ್‌ಎಯಲ್ಲಿ ಕೆಟ್ಟುಹೋದ ಅಕ್ಷರ ಹುಡುಕಿ ಕತ್ತರಿಸುತ್ತದೆ, ಆಮೇಲೆ ರಿಪೇರಿ. ಇನ್ನೊಂದು ಹೊರದೇಶದಿಂದ ಬರಲು ಮೂರು ತಿಂಗಳು. ಇರುವುದು ಇದೊಂದೇ. ಥೀಸಿಸ್‌ಗೆ ಬಾಕಿ ಇರುವ ಎಕ್ಸ್‌ಪೆರಿಮೆಂಟೂ ಒಂದೇ.

‘ಉಸಿರು ಕೂಡ ತಾಗಿಸ್ಬೇಡ ಕಣೇ, ಮಿತ್ರಾ.’

ಕೈ ಹಿಂದೆ ಕಟ್ಟಿಕೊಂಡೇ ನೋಡಿದೆ.

ಸೆ. 30, ಸಂಜೆ 5

ನಾಳೆ ಆಯುಧಪೂಜೆ. ಲ್ಯಾಬ್ ತೊಳೆಯುವ ದಿನ. ಅಟೆಂಡರ್ ಸಣ್ಣಮಾದಯ್ಯ ಫ್ರೀಜರ್ ಆಫ್ ಮಾಡಿ ಒಳಗಿನ ಹಿಮ ಕೆರೆದರು. ಟ್ಯೂಬುಗಳನ್ನೆಲ್ಲ ಜೆಲ್ ಪ್ಯಾಕ್ ತುಂಬಿದ ಥರ್ಮಾಕೋಲ್ ಡಬ್ಬಿಯಲ್ಲಿಟ್ಟು ಕಾಯುವುದು ನನ್ನ ಕೆಲಸ. ಇಪ್ಪತ್ತೇ ನಿಮಿಷ. ಅವರು ಸ್ವಿಚ್ ಹಾಕಿ, ಲೈಟ್ ಬಂತಾ ನೋಡಿ, ಹೂ ತರಲು ದೇವರಾಜ ಮಾರ್ಕೆಟ್ಟಿಗೆ ಹೋದರು.

ವಾಪಸ್ ಇಡುವಾಗ ನೋಡಿದೆ. ಉಳಿದ ಟ್ಯೂಬೆಲ್ಲ ಕಲ್ಲು. ಅಕ್ಕನದು ಮಾತ್ರ ನೀರು. ಅಲ್ಲಾಡಿಸಿದೆ... ಅಲ್ಲಾಡಿತು.

ಕರಗಿಸಿಬಿಟ್ಟೆ.

ಯಾರೂ ಇರಲಿಲ್ಲ. ಈ ಫ್ರೀಜರ್ ಬರೀ ಮೈನಸ್ ಇಪ್ಪತ್ತು ಡಿಗ್ರಿ. ಪಕ್ಕದ ರೂಮಿನ ದೊಡ್ಡದು ಮೈನಸ್ ಎಂಬತ್ತು. ಬೇಗ ಗಟ್ಟಿಯಾಗುತ್ತದೆ. ಅಲ್ಲಿಟ್ಟು ಬಂದೆ. ಬೆಳಿಗ್ಗೆ ಯಾರೂ ಬರುವ ಮೊದಲೇ ತೆಗೆಯಬೇಕು.

ಅ. 1, ಮಧ್ಯಾಹ್ನ

ಗಟ್ಟಿಯಾಗಿತ್ತು. ಅದರ ಜಾಗಕ್ಕೆ ತಂದಿಟ್ಟೆ. ಸಣ್ಣಮಾದಯ್ಯ ಫ್ರೀಜರ್ ಬಾಗಿಲಿಗೆ ಕುಂಕುಮ ಇಟ್ಟು ಚೆಂಡುಹೂವಿನ ಹಾರ ಹಾಕಿದರು. ಎಲ್ಲರಿಗಿಂತ ಹೆಚ್ಚು ಹೊತ್ತು ನಾನೇ ಕೈ ಮುಗಿದೆ. ಕಡ್ಲೆಪುರಿ ಹಂಚುವಾಗ ಮೆಲ್ಲಗೆ ಬಾಗಿಲು ತೆಗೆದು ನೋಡಿದರೆ — ಮತ್ತೆ ನೀರು.

ಫ್ರೀಜರ್ ಸರಿಯಾಗಿಯೇ ಇದೆ, ಉಳಿದ ಟ್ಯೂಬೆಲ್ಲ ಗಟ್ಟಿ. ಹಾಗಾದರೆ?

ಅ. 6

ಅಕ್ಕ ಎಕ್ಸ್‌ಪೆರಿಮೆಂಟ್ ಮಾಡಿದರು. ಡಿಎನ್‌ಎ ಓಡಿಸಿ ನೋಡುವ ಜೆಲ್‌ನಲ್ಲಿ ಏನೂ ಕತ್ತರಿಸಿದ ಗುರುತಿಲ್ಲ. ಎಂಟು ಲೇನ್‌ಗಳಲ್ಲೂ ಗೆರೆ ಒಂದೇ ಥರ. ಎನ್ಜೈಮ್ ಸತ್ತಿದೆ. ಅಕ್ಕ ಅಳಲಿಲ್ಲ, ಸ್ಟೂಲ್ ಮೇಲೆ ಕೂತು ಲೇನ್‌ಗಳನ್ನು ಮತ್ತೆ ಮತ್ತೆ ಎಣಿಸುತ್ತಿದ್ದರು. ನೀರಿನ ಬಾಟಲಿ ಕೊಟ್ಟು, ಏನೂ ಗೊತ್ತಿಲ್ಲದವಳ ಹಾಗೆ ಕೇಳಿದೆ, ಅದು ಗಟ್ಟಿಯಾಗಿ ಇರಬೇಕಿತ್ತಾ ಅಂತ.

‘ಗ್ಲಿಸರಾಲ್ ಹಾಕಿರೋದೇ ಗಟ್ಟಿ ಆಗ್ಬಾರ್ದು ಅಂತ. ಮೈನಸ್ ಇಪ್ಪತ್ತರಲ್ಲೂ ನೀರಾಗೇ ಇರುತ್ತೆ. ಗಟ್ಟಿ ಆಗಿ ಕರಗಿದ್ರೆ ಮುಗೀತು.’

ಅಂದರೆ ಅವತ್ತು ಅದಕ್ಕೆ ಏನೂ ಆಗಿರಲಿಲ್ಲ. ಚೆನ್ನಾಗಿಯೇ ಇತ್ತು.

ಕೆಡಿಸಿದ್ದು ನಾನಿಟ್ಟ ಮೈನಸ್ ಎಂಬತ್ತು.

ಅ. 7

ಲ್ಯಾಬ್ ಹೆಡ್ ಚೂಡಾಮಣಿ ಮೇಡಂ ಎಲ್ಲರನ್ನೂ ನಿಲ್ಲಿಸಿದರು. ಹಬ್ಬದ ಗಡಿಬಿಡಿಯಲ್ಲಿ ಸಣ್ಣಮಾದಯ್ಯ ಸ್ವಿಚ್ ಹಾಕಲು ಮರೆತು, ಆ ರಾತ್ರಿಯೆಲ್ಲ ಫ್ರೀಜರ್ ಆಫ್ ಇತ್ತು, ಬೆಳಿಗ್ಗೆ ಪೂಜೆಗೆ ಬಂದಾಗ ಗುಟ್ಟಾಗಿ ಹಾಕಿದರು ಅಂತ ಅವರ ಲೆಕ್ಕ. ನಾಳೆ ಹತ್ತು ಗಂಟೆಗೆ ಇಂಗ್ಲಿಷಿನಲ್ಲಿ ಎಕ್ಸ್‌ಪ್ಲನೇಷನ್ ಲೆಟರ್ ಕೊಡಬೇಕು. ಇಲ್ಲದಿದ್ದರೆ ಕಾಂಟ್ರಾಕ್ಟರ್‌ಗೆ ಹೇಳಿ ಬೇರೆ ಆಳು. ಸಣ್ಣಮಾದಯ್ಯ ಹನ್ನೊಂದು ವರ್ಷದಿಂದ ಇಲ್ಲಿದ್ದಾರಂತೆ.

ಬೇರೆ ಯಾರಾದರೂ ಟ್ಯೂಬ್ ಮುಟ್ಟಿದ್ರಾ, ಮೇಡಂ ಕೇಳಿದರು.

ಆರನೇ ಕ್ಲಾಸಿನಿಂದ ಹಾಸ್ಟೆಲ್. ವಾರ್ಡನ್ ‘ಯಾರು?’ ಅಂದರೆ ನೆಲ ನೋಡಬೇಕು. ಅಷ್ಟರಲ್ಲಿ ಇನ್ಯಾರೋ ಸಿಕ್ಕಿಬೀಳುತ್ತಾರೆ.

ನೆಲ ನೋಡಿದೆ. ಮೊಸಾಯಿಕ್. ಒಂದು ಚೆಂಡುಹೂವಿನ ಎಸಳು ಇನ್ನೂ ಬಿದ್ದಿತ್ತು.

ಅ. 8, ಬೆಳಿಗ್ಗೆ 9.20, ಕ್ಯಾಂಟೀನ್

ಸಣ್ಣಮಾದಯ್ಯ ಎದುರಿಗೇ ಕೂತಿದ್ದಾರೆ. ಗೇಟಿನಲ್ಲೇ ಕಾಯುತ್ತಿದ್ದರು. ಲೆಟರ್ ಬರೆದುಕೊಡಬೇಕಂತೆ. ನಾನೇ.

‘ನಿಮ್ಗೆ ಇಂಗ್ಲಿಷ್ ಸಲೀಸು ಕಣಮ್ಮ. ಆಫೀಸ್ ಶಿವಕುಮಾರ್ ಸಾರು, ತಪ್ಪಾಯ್ತು ಅಂತ ಬರ್ದ್‌ಕೊಟ್ಬುಡು ಅಂತಾರೆ. ಮಾಡ್ದೇ ಇರೋ ತಪ್ಪ ಎಂಗೆ ಬರ್ಸ್ಲಿ? ಸ್ವಿಚ್ ಹಾಕ್ದೆ. ನೀವೇ ನೋಡುದ್ರಲ್ಲ.’

ನೋಡಿದ್ದೆ.

ನನಗೂ ಸೇರಿಸಿ ಟೀ ಹೇಳಿದ್ದಾರೆ. ಬಿಳಿ ಹಾಳೆ, ಪೆನ್ನು ತಂದಿಟ್ಟಿದ್ದಾರೆ. ಅದರಲ್ಲಿ ಒಂದಕ್ಷರವೂ ಬರೆದಿಲ್ಲ. ಬರೆಯುತ್ತಿರುವುದು ಈ ಡೈರಿ. ಮೊದಲು ರಫ್ ಮಾಡ್ಕೋತೀನಿ ಅಂತ ಸುಳ್ಳು ಹೇಳಿದೆ. ನಿಜ ಹೇಳಿದರೆ ನನ್ನನ್ನು ಲ್ಯಾಬಿನಿಂದ ತೆಗೆಯುತ್ತಾರೆ. ಅಪ್ಪನಿಗೆ ಫೋನ್ ಹೋಗುತ್ತದೆ. ಅಕ್ಕ ನನ್ನ ಮುಖ ನೋಡುವುದಿಲ್ಲ. ಹೇಳದಿದ್ದರೆ ಇವರು —

9.35

‘ಎಷ್ಟುದ್ದ ಬರೀತೀರಿ? ಸ್ವಿಚ್ ಹಾಕಿದ್ದೆ ಅಂತ ಒಂದ್ ಸಾಲು ಸಾಕಲ್ವಾ?’

ಟೀ ಮೇಲೆ ಕೆನೆ ಕಟ್ಟಿದೆ. ಓದಿ ಹೇಳಿ ಅಂತಿದ್ದಾರೆ, ಕನ್ನಡದಲ್ಲಿ. ಬಾಯಲ್ಲಿ ಹೇಳಲು ನನ್ನಿಂದ ಆಗುವುದಿಲ್ಲ. ಇದು ಕನ್ನಡದಲ್ಲೇ ಇದೆ. ಅವರೇ ಓದಲಿ. ಸೆಪ್ಟೆಂಬರ್ 30, ಸಂಜೆ 5. ಪುಟ ಹಿಂದಕ್ಕೆ ತಿರುವಿ ಪುಸ್ತಕವನ್ನು ಅವರ ಕಡೆಗೆ ತಳ್ಳುತ್ತೇನೆ.