ಅಕಾಲದ ಕಥೆ

ಕೊನಮಾರಾ ತೀರದ ದ್ವೀಪ
ಸೆಪ್ಟೆಂಬರ್ 1934

ಮಾನ್ಯ ಪ್ರೊಫೆಸರ್ ಹ್ಯಾಸೆಟ್ ಅವರಿಗೆ, ನಿಮ್ಮ ಶಿಷ್ಯನ ವಂದನೆಗಳು.

ನಾನು ಹತ್ತಬೇಕಿದ್ದ ದೋಣಿಯಲ್ಲಿ ಈ ಪತ್ರ ಹೊರಟಿದೆ. ಸೋಮವಾರದ ಸಂದರ್ಶನಕ್ಕೆ ನಾನು ಡಬ್ಲಿನ್‌ಗೆ ಬರುವುದಿಲ್ಲ. ದಯವಿಟ್ಟು ಪೂರ್ತಿ ಓದಿ, ಆಮೇಲೆ ಬೈಯಿರಿ.

ಬೇಸಿಗೆಯಿಡೀ ನಾಬ್ಲಾ ಅಜ್ಜಿಯ ಹೊಲದಲ್ಲಿ ಆಲೂಗಡ್ಡೆ ಅಗೆದೆ, ಅವಳ ಒಲೆಯ ಉರುವಲಿಗೆ ಒಣಗಿದ ಜೌಗುಮಣ್ಣಿನ ಹೆಂಟೆ ಹೊತ್ತೆ. ನಾನು ಸಂಗ್ರಹಿಸಲು ಬಂದ, ಅವಳೊಬ್ಬಳಿಗೇ ಗೊತ್ತಿರುವ ಆ ವೀರಕಥೆಯ ವಿಷಯಕ್ಕೆ ಮಾತ್ರ ಅವಳು ಬಾಯಿ ಬಿಡಲಿಲ್ಲ. ಇಲ್ಲಿ ಅಂಥ ಕಥೆಗಳು ಚಳಿಗಾಲದ ರಾತ್ರಿಗಳಿಗೇ ಮೀಸಲು. ಅಕಾಲದಲ್ಲಿ ಹೇಳಿದರೆ, ಹೇಳಿದ ಮನೆಗೆ ಕೇಡು. "ಇನ್ನೂ ಇಲ್ಲೇ ಇದ್ದೀಯೇನಪ್ಪಾ ಪಂಡಿತ? ಅಲೆ ಎಣಿಸೋ ಕೆಲಸ ಕೊಟ್ಟಿದಾರಾ?" ಎಂದು ಬೆಸ್ತರು ಕಿಚಾಯಿಸುತ್ತಿದ್ದರು. ದಡದುದ್ದಕ್ಕೂ ಸುತ್ತಿ ಸುತ್ತಿ ನನ್ನ ಬೂಟು ಸವೆಯಿತು.

ಮೊನ್ನೆ ಪಾದ್ರಿ ಬಂದು ಅಜ್ಜಿಯ ಹಣೆಗೆ ಸಾಯುವವರಿಗೆ ಹಚ್ಚುವ ಕೊನೆಯ ಎಣ್ಣೆ ಹಚ್ಚಿ ಹೋದರು. ಆಮೇಲೆ ಅವಳೇ ನನ್ನನ್ನು ಕರೆಸಿದಳು.

"ನಾನೇನೋ ಹೋಗ್ತೀನಿ. ನನ್ನ ಸೊಸೆ ಈ ಮನೇಲೇ ಬಾಳ್ಬೇಕಲ್ಲ? ನಿಂದೇ ಒಂದು ಮನೆ ಮಾಡು ಮಗಾ, ಅಲ್ಲಿ ಹೇಳ್ತೀನಿ. ಬರೋ ಕೇಡು ನಿಂಗೇ ಬರ್ಲಿ!" ಎಂದು ನಕ್ಕಳು.

ದಡದ ಹಾಳುಬಿದ್ದ ಗುಡಿಸಲೊಂದನ್ನು ಬಾಡಿಗೆಗೆ ಹಿಡಿದು ಒಲೆ ಹೊತ್ತಿಸಿದ್ದೇನೆ. ನನ್ನನ್ನು ಕಿಚಾಯಿಸಿದ ಬೆಸ್ತರೇ ನಾಳೆ ಬೆಳಿಗ್ಗೆ ಅವಳನ್ನು ಕುರ್ಚಿ ಸಮೇತ ಹೊತ್ತು ತರುತ್ತಾರೆ. ಅಲ್ಲಿಯವರೆಗೆ ಅವಳ ಉಸಿರು ನಿಲ್ಲದಿದ್ದರೆ ಸಾಕು ಎಂದು ಕೂತಲ್ಲಿ ಕೂರಲಾಗುತ್ತಿಲ್ಲ.

ಧ್ವನಿಮುದ್ರಣದ ಮೇಣದ ಕೊಳವೆಗಳು ಸಾಲವು, ಇನ್ನಷ್ಟು ಕಳಿಸಿ. ಅಮ್ಮನಿಗೆ ನೀವೇ ಹೇಳಿ. ನಾನು ಹೇಳಿದರೆ ರಂಪವಾಗುತ್ತದೆ. ಕೆಲ್ಟಿಕ್ ಭಾಷೆಗಳ ಆ ಉಪನ್ಯಾಸಕ ಹುದ್ದೆಯನ್ನು ಬೇರೆಯವರಿಗೆ ಕೊಟ್ಟುಬಿಡಿ. ನನ್ನ ಮನೆಗೆ ಬರಬೇಕಾದ ಕೇಡು ಅದೇ ಆಗಿಹೋಗಲಿ.

ಇಂತಿ, ಅವಸರದಲ್ಲಿ,
ಫಿಂಟನ್ ಡೆವರೂ