ಸೀರೆ ಮೊದಲೇ ಬರಲಿ

ತಾವರೆಕೆರೆ, ಶಿರಾ ತಾಲ್ಲೂಕು
17-11-2025

ತಿರುಮಣಿಯ ತಮ್ಮ ಬೈಲಪ್ಪನಿಗೆ ಅಕ್ಕ ಚಿಕ್ಕಹನುಮಕ್ಕನ ಆಶೀರ್ವಾದ.

ಮೂರನೇ ಕ್ಲಾಸಿಗೇ ಸ್ಲೇಟು ಬಿಟ್ಟವಳ ಕೈಗೆ ಈ ವಯಸ್ಸಿನಲ್ಲಿ ಪೆನ್ನು ಹಿಡಿಸಿದ್ದೀಯ, ನಿನಗೆ ಒಳ್ಳೆಯದಾಗಲಿ. ಫೋನಿನಲ್ಲಿ ನನ್ನ ಸಾವಿನ ಮಾತೆತ್ತಿದರೆ ಸಾಕು, ‘ಅಕ್ಕಾ, ಸಿಗ್ನಲ್ ಲೇದು’ ಎಂದು ಕಟ್ ಮಾಡುತ್ತೀಯ. ನಿನ್ನ ಮನೆಯ ಹಿಂದೆಯೇ ಟವರ್ ನಿಂತಿದೆ. ಕಾಗದ ಕಟ್ ಆಗುವುದಿಲ್ಲ, ಓದು. ದೀಪಾವಳಿಗೇ ಬರೆಯಬೇಕಿತ್ತು, ತಡವಾಯಿತು. ಇಲ್ಲಿ ನಿಮ್ಮ ಭಾವ, ಮಗ, ಸೊಸೆ ಎಲ್ಲರೂ ಚೆನ್ನಾಗಿದ್ದಾರೆ, ನಾನೊಬ್ಬಳು ಬಿಟ್ಟು.

ಎದೆಯ ಗಡ್ಡೆ ತೆಗೆಸಿದ್ದು ನಿನಗೆ ಗೊತ್ತು. ಅದೀಗ ಲಿವರಿಗೆ ಹೋಗಿದೆಯಂತೆ, ಇನ್ನು ಔಷಧಿ ನಾಟುವುದಿಲ್ಲವಂತೆ. ಬೆಂಗಳೂರಿನ ಡಾಕ್ಟರು ಇದನ್ನು ನನ್ನ ಮುಖ ನೋಡಿ ಹೇಳಲಿಲ್ಲ, ಫ್ಯಾನ್ ನೋಡಿಕೊಂಡು ಹೇಳಿದರು. ಅವ್ವ ಯಾವ ಕಾಯಿಲೆಯಲ್ಲಿ ಹೋದಳು ಎಂದು ಇವತ್ತಿಗೂ ನಮಗೆ ತಿಳಿಯದು. ನನ್ನದರಿಂದಾದರೂ ಯಾರಿಗಾದರೂ ಏನಾದರೂ ತಿಳಿಯಲಿ ಎಂದು ನಾನೇ ಕೇಳಿದೆ. ‘ಸಾಮಿ, ನಾನು ಸತ್ ಮ್ಯಾಕೆ ಈ ಗಡ್ಡೆ ತಕ್ಕಂಡು ಓದ್ಕಳಂಗಿದ್ರೆ ಓದ್ಕಳ್ರಪ್ಪ. ಮಣ್ಣಿಗಾಕಿ ಏನ್ ಬತ್ತದೆ?’

ಅವರಿಗೆ ಆ ಫ್ಯಾನಿನ ಕೆಳಗೇ ಬೆವರು ಬಂತು. ‘ಧೈರ್ಯವಾಗಿರಿ ಅಜ್ಜಿ’ ಎಂದು ಇನ್ನೊಬ್ಬರ ಹತ್ತಿರ ಕಳಿಸಿದರು. ಅವರು ‘ಇದು ನಮಗೆ ಬರಲ್ಲ’ ಎಂದು ಮನಸ್ಸಿನ ಡಾಕ್ಟರಮ್ಮ ಲೋಹಿತಾ ಹತ್ತಿರ ಕಳಿಸಿದರು. ಆಯಮ್ಮ ನನ್ನ ಕೈ ಹಿಡಿದುಕೊಂಡು, ‘ಸೊಸೆ ಸರಿಯಾಗಿ ಊಟ ಹಾಕ್ತಾರಾ?’ ಎಂದಳು. ‘ಹಾಕ್ತಾಳೆ ಕಣಮ್ಮ, ಉಪ್ಪೇ ಹಾಕಲ್ಲ’ ಅಂದೆ. ಅದನ್ನೂ ಬರೆದುಕೊಂಡಳು.

ಕೊನೆಗೆ, ಗಡ್ಡೆಯ ಚೂರನ್ನು ಗಾಜಿನ ಮೇಲಿಟ್ಟು ನೋಡುವ ಡಾಕ್ಟರ್ ಬಸವಲಿಂಗಯ್ಯ ಸಿಕ್ಕರು. ‘ನಮಗೆ ಬೇಕಮ್ಮ, ತುಂಬಾ ಬೇಕು. ಆದ್ರೆ ಸಾಯೋರ ಹತ್ರ ಹೆಂಗೆ ಕೇಳೋದು? ಬೇಜಾರು ಮಾಡ್ಕೋತಾರೆ ಅಂತ ನಾವ್ಯಾರೂ ಬಾಯೇ ಬಿಡಲ್ಲ’ ಎಂದರು.

‘ಬೇಜಾರು ನಿಮ್ದು. ಅದ್ಕೆ ನಮ್ ಹೆಸ್ರು ಯಾಕ್ ಹೇಳ್ತೀರಾ?’ ಅಂದೆ. ನಕ್ಕುಬಿಟ್ಟರು. ಟೀ ತರಿಸಿ ವಿವರವಾಗಿ ಹೇಳಿದರು. ಜೀವ ಹೋದ ಆರು ಗಂಟೆಯೊಳಗೆ ದೇಹ ಅಲ್ಲಿಗೆ ಬರಬೇಕು, ಮನೆಯವರು ಒಪ್ಪಬೇಕು. ಬೇಕಾದ್ದು ತೆಗೆದು, ಹೊಲಿದು, ಮಣ್ಣು ಮಾಡಲು ವಾಪಸು ಕೊಡುತ್ತಾರೆ.

ನಿಮ್ಮ ಭಾವ ಹೂಂ ಎಂದರು, ಕಿವಿಗೆ ಬಿತ್ತೋ ಇಲ್ಲವೋ ತಿಳಿಯದು. ಮಗ ಪ್ರಸನ್ನ ಕುಮಾರ ಮಾತ್ರ ಹಟ ಹಿಡಿದ. ‘ತವರಿನ ಸೀರೆ ಹೊದಿಸ್ದೆ ಹೆಣ ಎತ್ತಂಗಿಲ್ಲ ಕಣವ್ವ. ಮಾವ ತಿರುಮಣಿಯಿಂದ ಬರಾಗಂಟ ಆಸ್ಪತ್ರೆಯೋರು ಕಾಯ್ತಾರಾ?’

ಅವನ ಮಾತು ಸುಳ್ಳಲ್ಲ. ದೊಡ್ಡಕ್ಕ ಸತ್ತಾಗ ನೀನು ಸೀರೆ ಆರಿಸುತ್ತಾ ಪಾವಗಡದ ಅಂಗಡಿಯಲ್ಲೇ ಕೂತೆ. ಇತ್ತ ಹೆಣದ ಮುಂದೆ ಅಳುವವರೆಲ್ಲ ಅತ್ತು ಮುಗಿಸಿ, ಟೀ ಕುಡಿದು ಬಂದು, ಮತ್ತೆ ಮೊದಲಿಂದ ಅತ್ತರು.

‘ಸೀರೆ ಮೊದ್ಲೇ ಬಂದ್ಬುಟ್ರೆ?’ ಅಂದೆ.

‘ಬದುಕಿರೋರ್ಗೆ ಯಾರ್ ತತ್ತಾರವ್ವ ಅದ್ನ?’

ಉಪ್ಪು ಹಾಕದ ಸೊಸೆ ಶೃತಿಯೇ ನ್ಯಾಯ ಹೇಳಿದಳು. ‘ತರ್ಲಿ ಬುಡಿ, ಟ್ರಂಕಿನಾಗಿಡಾನ.’ ಸೀರೆ ಟ್ರಂಕಿಗೆ ಬಂದ ದಿನ ಒಪ್ಪುತ್ತೇನೆ ಎಂದಿದ್ದಾನೆ ಮಗ.

ಆದ್ದರಿಂದ ಸೀರೆ ತಾ. ಹಸಿರು ಮೈ, ಕೆಂಪಂಚು, ಹತ್ತಿಯದು. ಸೊಳ್ಳೆಪರದೆಯಂಥದ್ದು ತಂದರೆ ವಾಪಸು ಕೊಡುತ್ತೇನೆ, ಬದುಕಿರುತ್ತೇನಲ್ಲ.

ನಿನ್ನ ಹೆಂಡತಿಗೂ ಮಗಳು ಅನುಷಾಗೂ ನನ್ನ ಆಶೀರ್ವಾದ ತಿಳಿಸು. ನೂರು ಕಾಲ ಚೆನ್ನಾಗಿರಿ.

ನಿನ್ನಕ್ಕ,
ಚಿಕ್ಕಹನುಮಕ್ಕ

ವಿ.ಸೂ.: ಸೀರೆಯನ್ನು ಬಸ್ ಕಂಡಕ್ಟರ್ ಕೈಲಿ ಕಳಿಸಬೇಡ. ಕಾಯಿಲೆ ಇಂಥದ್ದೆಂದು ಗೊತ್ತಾದ ಮೇಲೆ ನೀನು ನನ್ನ ಹೊಸಿಲು ತುಳಿದಿಲ್ಲ. ಈ ಸಲದ ಗೌರಿ ಬಾಗಿನವೂ ಬೇರೆಯವರ ಕೈಲಿ ಬಂತು. ಫ್ಯಾನ್ ನೋಡಿದ ಡಾಕ್ಟರಾದರೂ ನನ್ನ ಎದುರಿಗೆ ಕೂತಿದ್ದರು. ಸತ್ತ ಮೇಲೆ ನೀನು ಬಂದರೆ ಊರೆಲ್ಲ ನಿನ್ನನ್ನು ನೋಡುತ್ತದೆ, ನಾನು ನೋಡುವುದಿಲ್ಲ. ಯಾವ ಬಸ್ಸಿಗೆ ಬರುತ್ತೀಯ ಎಂದು ಡಿಸೆಂಬರ್ ಐದರೊಳಗೆ ಉತ್ತರ ಬರೆ.