ಕೋಟು ಸರಿಸು, ಸೀರೆ ಕಾಣಲಿ

ಪ್ರೀತಿಯ ಅತ್ತೆ,

ನನಗೆ ಮದುವೆಯಾಯಿತು, ಅತ್ತೆ! ಮದುವೆಯಾಯಿತು, ಜರ್ಮನಿಗೂ ಬಂದೆ, ಒಲೆಯ ಮೇಲೆ ನನ್ನದೇ ಅನ್ನ ಉಕ್ಕುತ್ತಿದೆ, ಕಿಟಕಿಯಾಚೆ ಹಿಮ ಬೀಳುತ್ತಿದೆ, ಮತ್ತು ನನ್ನ ಗಂಡ ನನಗಿಂತ ಜೋರಾಗಿ ನಗುತ್ತಾರೆ! "ನಿನ್ನಂಥ ಗಿಲಗಿಚ್ಚಿಗೆ ಯಾವ ಮೂಗುಮುರುಕ ಗಂಟು ಬೀಳ್ತಾನೋ" ಎಂದು ನೀನು ಹೆದರುತ್ತಿದ್ದೆಯಲ್ಲ, ಆ ಹೆದರಿಕೆ ಬಿಟ್ಟುಬಿಡು. ಹೆಸರು ಶ್ರೀಧರ. ನಾವೀಗ ಇರುವ ಗಾಟಿಂಗೆನ್ ಎಂಬ ಊರಿನಲ್ಲಿ ಲೋಹಗಳ ಬಗ್ಗೆ ಓದಿ ಡಾಕ್ಟರ್ ಆಗಿದ್ದಾರೆ. ಜ್ವರ ಬಂದರೆ ಮಾತ್ರ ಏನೂ ಪ್ರಯೋಜನವಿಲ್ಲದ ಡಾಕ್ಟರು. ಈಗ ನನಗೆ ಇನ್ನೊಬ್ಬರು ಅತ್ತೆಯೂ ಇದ್ದಾರೆ, ಒಳ್ಳೆಯವರೇ. ಅವರನ್ನು "ಅತ್ತೆಯವರೇ" ಎನ್ನುತ್ತೇನೆ. ಬರೀ ಅತ್ತೆ ಎಂದರೆ ಅಪ್ಪನ ಅಕ್ಕ, ನನ್ನನ್ನು ಸಾಕಿದವಳು, ನೀನೇ. ನೀನು ಹೋಗಿ ವರ್ಷವಾದರೂ ಆ ಪದವನ್ನು ಬೇರೆ ಯಾರಿಗೂ ಕೊಟ್ಟಿಲ್ಲ.

ನೀನು ಟೆಲಿಫೋನ್ ಎಕ್ಸ್‌ಚೇಂಜಿನಿಂದ ಬಂದು, ಕಾಲು ನೀಡಿ ಕೂತು, ಅಂದಿನ ಟ್ರಂಕ್ ಕಾಲುಗಳ ಕಥೆ ಹೇಳುತ್ತಿದ್ದುದು ನೆನಪಾಗುತ್ತದೆ. "ಹಲೋ ಅಂದ್ರೆ ಸಾಕು ಕಣೇ, ಇವ್ನು ಮಂಡ್ಯದೋನು, ಇವ್ಳು ದಾವಣಗೆರೆಯೋಳು ಅಂತ ಹೇಳ್ಬಿಡ್ತೀನಿ." ನೀನು ಒಮ್ಮೆಯೂ ತಪ್ಪಿದ್ದು ನನಗೆ ಗೊತ್ತಿಲ್ಲ. ಮೈಸೂರು ಬಿಟ್ಟು ಬೆಂಗಳೂರಿನಾಚೆ ಹೋಗದವಳಿಗೆ ಅಷ್ಟು ಊರುಗಳ ಗುರುತು ಹೇಗಿತ್ತು? ಇಲ್ಲಿಯ ಜನ ಪ್ರಪಂಚವೆಲ್ಲ ಸುತ್ತುತ್ತಾರೆ, ಆದರೆ ಬಾಯಿ ತೆರೆಯುವ ಮೊದಲೇ, ಬರೀ ಕೂದಲು ನೋಡಿ ಊರು ತೀರ್ಮಾನಿಸಿಬಿಡುತ್ತಾರೆ. ನನಗೆ ಯಾವ ಊರು ಕೊಟ್ಟಿದ್ದಾರೆ ಗೊತ್ತೇ? ಹೇಳುತ್ತೇನೆ, ಇರು.

ನೀನು ಆಸ್ಪತ್ರೆಗೆ ಹೋದ ಬೆಳಿಗ್ಗೆ ನಿನ್ನ ಕಿವಿಯ ಓಲೆ ಬಿಚ್ಚಿ ನನ್ನ ಕಿವಿಗೆ ಇಟ್ಟೆ. "ಅಲ್ಲಿ ಎಲ್ಲಾದ್ರೂ ಬಿದ್ದುಹೋಗುತ್ತೆ, ಬಂದ್ಮೇಲೆ ಹಾಕ್ಕೋತೀನಿ" ಎಂದೆ. ಆಮೇಲೆ... ಇರಲಿ, ಇದು ಅಳುವ ಕಾಗದವಲ್ಲ. ಜರ್ಮನಿಗೆ ಬಂದ ವಾರ ಅದೇ ಓಲೆ ಹಾಕಿಕೊಂಡು ಬ್ರೆಡ್ ತರಲು ಹೋದೆ. ಸೈಕಲ್ಲಿನ ಮೇಲೆ ಹೋಗುತ್ತಿದ್ದ ಕಾಲೇಜು ಹುಡುಗರು ನನ್ನನ್ನು ನೋಡಿ ಕೈಯೆತ್ತಿ "ಓಲೇ! ಓಲೇ!" ಎಂದು ಕೂಗಿದರು. ಅತ್ತೆ, ನನಗೆ ರೋಮಾಂಚನ! ಈ ಮಂಜಿನ ದೇಶದಲ್ಲಿ ನಿನ್ನ ಓಲೆಯನ್ನು ಕನ್ನಡದಲ್ಲಿ ಹೊಗಳುವವರಿದ್ದಾರೆ! ಕಿವಿ ಮುಟ್ಟಿಕೊಂಡು "ಡಾಂಕೆ, ಡಾಂಕೆ, ನಮ್ಮತ್ತೆಯದು" ಎಂದು ಥ್ಯಾಂಕ್ಸ್ ಬೇರೆ ಹೇಳಿದೆ. ಮನೆಗೆ ಓಡಿಬಂದು ಇವರಿಗೆ ಹೇಳಿದರೆ, ಇವರು ನಕ್ಕ ನಗುವಿಗೆ ಪಕ್ಕದ ಕೋಣೆಯವರು ಗೋಡೆ ತಟ್ಟಿದರು.

"ಅದು ಕಿವಿ ಓಲೆ ಅಲ್ಲ ಮಾರಾಯ್ತಿ! ಸ್ಪೇನಲ್ಲಿ ಗೂಳಿ ಕಾಳಗ ನೋಡ್ವಾಗ ಹಂಗೆ ಕೂಗ್ತಾರೆ. ನಿನ್ನನ್ನ ಸ್ಪೇನಿನವಳು ಅಂದ್ಕೊಂಡಿದಾರೆ."

"ಅಂದ್ರೆ ನಾನು ಗೂಳಿನಾ?"

"ಅದ್ನ ನಾನು ಹೆಂಗೆ ಹೇಳ್ಲಿ? ಹೊಸದಾಗಿ ಮದ್ವೆ ಆಗಿದೆ."

ತಪ್ಪು ಅವರದೂ ಅಲ್ಲ. ಇವರ ಸ್ನೇಹಿತರೊಬ್ಬರ ಹೆಂಡತಿ ಕೊಟ್ಟ ಉದ್ದ ಕೋಟಿನೊಳಗೆ ನನ್ನ ಸೀರೆ ಪೂರ್ತಿ ಮುಚ್ಚಿಹೋಗುತ್ತದೆ. ಹೊರಗೆ ಕಾಣುವುದು ಕಪ್ಪು ಜಡೆ, ಓಲೆ, ಬಾಯಿ. ಕಾರ್ಖಾನೆಗಳಲ್ಲಿ ಆಳು ಸಾಲದೆ ಸರ್ಕಾರವೇ ಸ್ಪೇನಿನಿಂದ ಜನರನ್ನು ಕರೆಸಿಕೊಂಡಿದೆ. ಕಪ್ಪು ಕೂದಲು ಕಂಡರೆ ಇವರಿಗೆ ಮೊದಲು ನೆನಪಾಗುವುದು ಅವರೇ.

ಬ್ರೆಡ್ ಅಂಗಡಿಯ ಹೆಂಗಸು ಕಳೆದ ಬೇಸಿಗೆ ಸ್ಪೇನಿನ ಸಮುದ್ರತೀರಕ್ಕೆ ರಜೆಗೆ ಹೋಗಿದ್ದಳಂತೆ. "ಏನು ಬಿಸಿಲು! ಏನು ಹಾಡು! ಎಂಥ ಪ್ರೀತಿಯ ಜನ!" ಎಂದು ನನ್ನ ಕೈ ಹಿಡಿದುಕೊಂಡು ಹೇಳಿದಳು. ಚಿಲ್ಲರೆ ಎಣಿಸುವಷ್ಟರಲ್ಲಿ ಅವಳ ಮುಖವೇ ಬೇರೆಯಾಯಿತು. "ಆದರೆ ಇಲ್ಲಿ ನೋಡಿ, ಭಾನುವಾರ ಬಂತೆಂದರೆ ರೈಲ್ವೆ ಸ್ಟೇಷನ್ನಿನ ತುಂಬ ಅವರೇ. ಬರೀ ಗಲಾಟೆ." ಅಲ್ಲಿ ಹಾಡು, ಇಲ್ಲಿ ಗಲಾಟೆ! ಬಾಯಿ ಒಂದೇ ಅಲ್ಲವೇ, ಅತ್ತೆ?

ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆಂದರೆ, ನಾವು ಊರು ಬದಲಾಯಿಸಬೇಕಿತ್ತು. ಇವರ ಓದು ಮುಗಿಯಿತು, ವಿದ್ಯಾರ್ಥಿಗಳ ಈ ಕೋಣೆ ಬಿಡಬೇಕು. ಎರಡು ಕಡೆಯಿಂದ ಕೆಲಸಕ್ಕೆ ಕರೆ ಬಂದಿತ್ತು. ಒಂದು ಮ್ಯೂನಿಕ್‌ನಲ್ಲಿ, ದೊಡ್ಡ ಹೆಸರಿನ ಪ್ರಯೋಗಾಲಯ. ಇನ್ನೊಂದು ಹ್ಯಾನೋವರ್‌ನಲ್ಲಿ, ಯಂತ್ರದ ಭಾಗ ಎರಕ ಹೊಯ್ಯುವ ಕಾರ್ಖಾನೆ. ಇವರೇನೋ ಎಲ್ಲಾದರೂ ಬೆಳಗಿನಿಂದ ಸಂಜೆಯವರೆಗೆ ಲೋಹದ ಜೊತೆ ಇರುತ್ತಾರೆ. ಇಡೀ ದಿನ ಆ ಊರಿನ ಜೊತೆ ಇರಬೇಕಾದವಳು ನಾನು. ನಿನಗೆ ಗೊತ್ತಲ್ಲ, ಮಾತಾಡಲು ಯಾರೂ ಇಲ್ಲದಿದ್ದರೆ ನನಗೆ ಅನ್ನ ಇಳಿಯುವುದಿಲ್ಲ.

ಮ್ಯೂನಿಕ್ ನೋಡಲು ಹೋದ ಸಲ ಇವರ ಹಳೆಯ ಸಹಪಾಠಿ ನಾಗರಾಜನ ಮನೆಯಲ್ಲಿ ಉಳಿದೆವು. ಊರೆಲ್ಲ ಅಗೆದು ಹಾಕಿದ್ದಾರೆ. ಒಲಿಂಪಿಕ್ಸ್ ಬರುತ್ತದಂತೆ, ನೆಲದೊಳಗೆ ರೈಲು ಓಡಿಸುತ್ತಾರಂತೆ. ಅಲ್ಲಿ ಸಿಗಲಿದ್ದದ್ದು ಪ್ರಯೋಗಾಲಯದವರದೇ ಅತಿಥಿಗೃಹದ ಕೋಣೆ. ಸೂರ್ಯಕಾಂತಿ ಬಣ್ಣದ ಪರದೆ, ಗೋಡೆಗೆ ತೂಗುಹಾಕಿದ ನಿಯಮಗಳು: ವಾಸನೆ ಬರುವ ಅಡುಗೆ ಕೂಡದು, ಸಂಜೆಯ ಮೇಲೆ ಅತಿಥಿಗಳು ಕೂಡದು. ಕಾರಿಡಾರಿನಲ್ಲಿ ಎದುರಾದವರೆಲ್ಲ ತಲೆಬಾಗಿ ನಮಸ್ಕಾರ ಹೇಳಿ ಬಾಗಿಲು ಹಾಕಿಕೊಂಡರು. ಅಷ್ಟು ಮರ್ಯಾದೆಯ ಬಾಗಿಲುಗಳನ್ನು ನಾನು ಎಲ್ಲೂ ನೋಡಿಲ್ಲ.

"ಮ್ಯೂನಿಕ್‌ಗೆ ಬಾ ಗುರು, ಯೋಚ್ನೆನೇ ಮಾಡ್ಬೇಡ," ಎಂದ ನಾಗರಾಜ. "ಬಾಡಿಗೆ ಜಾಸ್ತಿ, ಒಪ್ಕೋತೀನಿ. ಆದ್ರೆ ಹ್ಯಾನೋವರ್‌ನಲ್ಲಿ ಎಲ್ಲಿ ನೋಡಿದ್ರೂ ಸ್ಪಾನಿಯರ್, ಅದೇ ಸ್ಪೇನಿನವ್ರು. ಒಂದೊಂದು ರೂಮಲ್ಲಿ ಒಂದು ಹಿಂಡು. ನಿಮ್ಮನ್ನೂ ಅವರೇ ಅಂದ್ಕೋತಾರೆ. ಡಾಕ್ಟರೇಟ್ ಮಾಡಿ ಕೂಲಿಯವ್ನು ಅನ್ನಿಸ್ಕೋಬೇಕಾ ಮಗಾ?"

"ನೀವು ಯಾವ ಸ್ಪಾನಿಯರ್ ಮನೆಗೆ ಹೋಗಿದೀರಿ?" ಎಂದು ನಾನು ಕೇಳಿದೆ.

"ಅಯ್ಯೋ, ನಾನ್ಯಾಕೆ ಹೋಗ್ಲಿ ಅತ್ತಿಗೆ?"

ಆ ಕೂಲಿ ಎಂಬ ಮಾತು ಇವರ ಕೋಟಿಗೆ ಮುಳ್ಳಿನಂತೆ ಅಂಟಿಕೊಂಡು ಬಂತು. ಹ್ಯಾನೋವರ್‌ನಲ್ಲಿ ಮನೆ ನೋಡಲು ಹೋದ ದಿನ ಅದು ಹೊರಬಿತ್ತು. ಬಾಗಿಲ ಮುಂದೆ ನಿಂತು, ಗಂಟೆ ಒತ್ತುವ ಮೊದಲು ನನ್ನ ಕಡೆ ತಿರುಗಿ, "ಕೋಟು ಸರಿಸು ಕಣೇ, ಸೀರೆ ಕಾಣ್ಲಿ" ಎಂದರು.

"ಚಳಿಗೆ ಸಾಯ್ತೀನಿ ರೀ!"

"ಎರಡು ನಿಮಿಷ ಅಷ್ಟೇ. ಬೇಕಾದ್ರೆ ಸೆರಗು ಮಾತ್ರ ಹೊರಗೆ ತೆಗಿ."

ನಗುತ್ತಿದ್ದೀಯಾ? ನಾನೂ ನಕ್ಕೆ. ಹಲ್ಲು ಕಟಕಟ ಎನ್ನುತ್ತಿತ್ತು, ಆದರೂ ನಕ್ಕೆ. ಮದುವೆಯ ಹಸಿರು ರೇಷ್ಮೆಯನ್ನು ಪಾಸ್‌ಪೋರ್ಟಿನ ಹಾಗೆ ಹೊರಗೆ ಹಿಡಿದುಕೊಂಡು ನಿಂತೆ. ಆದರೂ ಬಾಗಿಲು ತೆರೆದ ಮನೆಯೊಡತಿ, ಫ್ರೌ ಹಾರ್ಟುಂಗ್ ಎಂಬಾಕೆ, ಮೊದಲು ನೋಡಿದ್ದು ನನ್ನ ಮುಖವನ್ನೇ. "ಸ್ಪೇನಿನವರಿಗೆ ಕೊಡುವುದಿಲ್ಲ" ಎಂದು ಬಾಗಿಲು ಎಳೆದುಕೊಂಡಳು. ಇವರು ಸಂದಿನಲ್ಲೇ "ಡಾಕ್ಟರ್! ಇಂಡಿಯಾ!" ಎಂದರು. ಸೆರಗೂ ಕಂಡಿತೋ ಏನೋ, ಬಾಗಿಲು ಪೂರ್ತಿ ತೆರೆಯಿತು. "ಆಖ್, ಇಂಡಿಯಾ! ಗಾಂಧಿ! ಮಹಾರಾಜ!" ನಮ್ಮಿಬ್ಬರಲ್ಲಿ ಗಾಂಧಿ ಯಾರು, ಮಹಾರಾಜ ಯಾರು ಎಂದು ತಿಳಿಯಲಿಲ್ಲ.

ಮನೆ ಚೆನ್ನಾಗಿತ್ತು ಅತ್ತೆ, ನಿಜ ಹೇಳಬೇಕು. ಬಿಸಿಲು ಬರುವ ಅಡುಗೆಮನೆ, ಕೆಳಗೆ ಸೇಬಿನ ಮರ. ಫ್ರೌ ಹಾರ್ಟುಂಗ್ ಕಾಫಿ ಕೊಟ್ಟು ತನ್ನ ಕಷ್ಟ ತೋಡಿಕೊಂಡಳು. ಕೆಳಗಿನ ಮಹಡಿಯನ್ನು ಯಾವುದೋ ಕಾರ್ಖಾನೆಯವರು ತಮ್ಮ ಸ್ಪೇನಿನ ಕೆಲಸಗಾರರಿಗೆಂದು ಬಾಡಿಗೆಗೆ ಹಿಡಿದಿದ್ದಾರೆ. ಅವರು ಎಣ್ಣೆಯಲ್ಲಿ ಬೆಳ್ಳುಳ್ಳಿ ಹುರಿಯುತ್ತಾರೆ. ಜೋರಾಗಿ ಮಾತಾಡುತ್ತಾರೆ. ಹೇಳದೆ ಕೇಳದೆ ಒಬ್ಬರ ಮನೆಗೊಬ್ಬರು ಬರುತ್ತಾರೆ, ಮಕ್ಕಳನ್ನು ಎಲ್ಲೆಂದರಲ್ಲಿ ಎತ್ತಿಕೊಂಡು ಮುದ್ದಿಸುತ್ತಾರೆ. ಅವಳು ಒಂದೊಂದೇ ದೂರು ಹೇಳಿದ ಹಾಗೆಲ್ಲ ನನಗೆ ನಮ್ಮ ವಠಾರವೇ ಕಣ್ಣೆದುರು ಬಂತು. ಬೆಳ್ಳುಳ್ಳಿ ಒಗ್ಗರಣೆಯ ಸಾರಿನ ಮುಂದೆ ನೀನು ಪಕ್ಕದ ಮನೆಯ ರುಕ್ಕಮ್ಮನ ಜೊತೆ...

"ನೀವು ಅಂಥದ್ದೇನೂ ಮಾಡುವುದಿಲ್ಲ ಅಲ್ಲವೇ?" ಎಂದು ಅವಳು ಕೇಳಿದಳು.

"ಇಲ್ಲ, ಇಲ್ಲವೇ ಇಲ್ಲ" ಎಂದರು ನನ್ನ ಗಂಡ. ಊಟಕ್ಕೆ ಬೆಳ್ಳುಳ್ಳಿ ಚಟ್ನಿಪುಡಿ ಇಲ್ಲದಿದ್ದರೆ ಮುಖ ಊದಿಸಿಕೊಳ್ಳುವ ನನ್ನ ಗಂಡ!

ನನಗೆ ಬರುವ ಜರ್ಮನ್ ಎಷ್ಟು? ಬ್ರೆಡ್ ಅಂಗಡಿಯಷ್ಟು, ತರಕಾರಿ ಅಂಗಡಿಯಷ್ಟು. ಆದರೆ ಬೆಳ್ಳುಳ್ಳಿ ತರಕಾರಿ ಅಂಗಡಿಯ ಮಾತೇ ತಾನೇ? ಕಾನ್ವೆಂಟಿನಲ್ಲಿ ಪದ್ಯ ಒಪ್ಪಿಸುವ ಹಾಗೆ ನೆಟ್ಟಗೆ ಕೂತು, ಗಟ್ಟಿಯಾಗಿ, "ಕ್ನೋಬ್ಲೌಖ್, ಯಾ. ಫೀಲ್. ಯೇಡನ್ ಟಾಗ್" ಎಂದೆ. ಬೆಳ್ಳುಳ್ಳಿ, ಹೌದು. ತುಂಬಾ. ದಿನಾಲೂ.

ಕಾಫಿ ಮುಗಿಯುವ ಮೊದಲೇ ನಾವು ಮೆಟ್ಟಿಲ ಮೇಲಿದ್ದೆವು.

"ಯಾಕೆ ಹೇಳ್ದೆ?" ಇವರ ದನಿಯಲ್ಲಿ ನಗು ಇರಲಿಲ್ಲ. ಮದುವೆಯಾದ ಮೇಲೆ ಮೊದಲ ಸಲ.

"ದಿನಾ ಉಸಿರು ಹಿಡ್ಕೊಂಡು ಒಗ್ಗರಣೆ ಹಾಕಕ್ಕೆ ನನ್ನ ಕೈಲಾಗಲ್ಲ. ಬೀದಿಗೆ ಹೋಗ್ವಾಗೆಲ್ಲ ಸೆರಗು ಹೊರಗೆ ಹಾಕ್ಕೊಂಡು ಹೋಗಕ್ಕೂ ಆಗಲ್ಲ. ಸ್ಪೇನಿನವಳು ಅಂದ್ರೆ ಅನ್ಲಿ ಬಿಡಿ, ಅವರೇನು ಕಳ್ಳರಾ?"

ಇವರು ಉತ್ತರ ಕೊಡುವ ಮೊದಲೇ ಕೆಳಗಿನ ಬಾಗಿಲು ತೆರೆಯಿತು. ಎಣ್ಣೆಯಲ್ಲಿ ಕೆಂಪಗಾದ ಬೆಳ್ಳುಳ್ಳಿಯ ಘಮ, ಅದರ ಹಿಂದೆ ದುಂಡು ಮುಖದ, ಕೈಯಲ್ಲಿ ಸೌಟು ಹಿಡಿದ ಒಬ್ಬ ಹೆಂಗಸು. ನನ್ನ ಗಟ್ಟಿ ಗಂಟಲು ಕೆಳಗಿನವರೆಗೂ ಕೇಳಿಸಿತ್ತು! "ಕ್ನೋಬ್ಲೌಖ್, ಫೀಲ್!" ಎಂದು ನನ್ನನ್ನೇ ಅಣಕಿಸುತ್ತ, ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಹೆಸರು ಪಿಲಾರ್. ಆಮೇಲೆ ನನ್ನ ಮುಖ ನೋಡಿ ಸ್ಪ್ಯಾನಿಷಿನಲ್ಲಿ ಏನೇನೋ ಸುರಿದಳು. ನಾನು ತಲೆಯಾಡಿಸಿದೆ. ಸ್ಪೇನಿನವಳಿಗೂ ನಾನು ಸ್ಪೇನಿನವಳೇ! ಇಂಡಿಯಾ ಎಂದ ಕೂಡಲೇ ಅವಳ ಕಣ್ಣು ದೊಡ್ಡದಾಯಿತು. "ಮನೆಯಲ್ಲಿ ಹಾವು ಸಾಕಿದ್ದೀರಾ?" ಎಂದು ಕೇಳಿದಳು. ಇಲ್ಲ ಎಂದಾಗ ಸ್ವಲ್ಪ ನಿರಾಸೆಯೇ ಆಯಿತು ಪಾಪ. ಮರುಗಳಿಗೆ ದನಿ ತಗ್ಗಿಸಿ, "ತುರ್ಕಿಯವರಂತೂ ಅಲ್ಲವಲ್ಲ?" ಎಂದಳು. ನೋಡು, ಮೆಟ್ಟಿಲಿನ ಮೇಲೆ ಪ್ರತಿಯೊಬ್ಬರಿಗೂ ತಮಗಿಂತ ಕೆಳಗಿನ ಮೆಟ್ಟಿಲಿನಲ್ಲಿ ಒಬ್ಬರು ಬೇಕು. ನಾಗರಾಜನಿಗೆ ಪಿಲಾರ್ ಬೇಕು, ಪಿಲಾರ್‌ಗೆ ಅವರ ಹಿಂದೆ ಕೆಲಸಕ್ಕೆ ಬಂದ ತುರ್ಕಿಯವರು. ಅಷ್ಟು ಹೇಳಿ ಅವಳು ಇವರ ತೋಳು ಹಿಡಿದು ಕೇಳಿದಳು: "ಊಟ ಆಯ್ತಾ?"

ಹರಕು ಜರ್ಮನ್‌ನಲ್ಲಿ ಕೇಳಿದಳು, ನನ್ನದಕ್ಕಿಂತ ಹರಕು. ಆದರೆ ಮಾತು ಅದೇ, ಅತ್ತೆ. ನೀನು ಪೋಸ್ಟ್‌ಮ್ಯಾನ್‌ನನ್ನೂ ಬಿಡದೆ ಕೇಳುತ್ತಿದ್ದ ಮಾತು. ಉತ್ತರಕ್ಕೆ ಕಾಯದೆ ಒಳಗೆ ಎಳೆದುಕೊಂಡು ಹೋಗಿ ಕೂರಿಸಿದಳು. ಆಲೂಗಡ್ಡೆ ಹಾಕಿದ ದಪ್ಪ ಆಮ್ಲೆಟ್, ಬೆಳ್ಳುಳ್ಳಿ ಉಜ್ಜಿದ ಬ್ರೆಡ್. ಅವಳ ಗಂಡ, ನಾದಿನಿ, ನಾದಿನಿಯ ಮಗು, ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದರು. ಓಲೆಯ ಕಥೆಯನ್ನು ನಾನು ಕೈಸನ್ನೆಯಲ್ಲಿ ಹೇಳಿದೆ. ಪಿಲಾರ್ ನಿನ್ನ ಓಲೆಯನ್ನು ಮುಟ್ಟಿ ನೋಡಿ, ಮನೆಯವರಿಗೆಲ್ಲ ತನ್ನ ಭಾಷೆಯಲ್ಲಿ ಇನ್ನೊಮ್ಮೆ ಹೇಳಿ, ತಾನೇ ಇನ್ನೊಮ್ಮೆ ನಕ್ಕಳು. ಇವರು ಮೂರನೆಯ ಸಲ ತಟ್ಟೆ ಮುಂದೆ ಹಿಡಿದಾಗ ನಾನು ಕಾಲು ಒತ್ತಿದೆ. ಇವರಿಗೆ ತಿಳಿಯಲೇ ಇಲ್ಲ.

ನಾದಿನಿಯ ಸಂಸಾರ ಸ್ಪೇನಿಗೆ ವಾಪಸು ಹೋಗಲಿದೆಯಂತೆ. ಲಿಂಡನ್ ಎಂಬ ಕೇರಿಯಲ್ಲಿ ಅವರ ಎರಡು ಕೋಣೆಯ ಮನೆ ಖಾಲಿಯಾಗುತ್ತದೆ. ಸೇಬಿನ ಮರವಿಲ್ಲ, ಕಿಟಕಿಯಾಚೆ ಟ್ರಾಮ್ ಓಡುತ್ತದೆ. ಅಂದೇ ಸಂಜೆ ಪಿಲಾರ್ ಕರೆದುಕೊಂಡು ಹೋಗಿ ತೋರಿಸಿದಳು. ಮನೆಯ ಯಜಮಾನ ಒಬ್ಬ ಮುದುಕ, ಮೊದಲು ಟ್ರಾಮ್ ಓಡಿಸುತ್ತಿದ್ದವನು. ಯಾವ ದೇಶ ಎಂದು ಕೇಳಲೇ ಇಲ್ಲ. "ನಿಮ್ಮ ಸರದಿ ಬಂದಾಗ ಮೆಟ್ಟಿಲು ಗುಡಿಸುತ್ತೀರಾ?" ಎಂದ. ಗುಡಿಸುತ್ತೇನೆ ಎಂದೆ. ಬೇಕಾದರೆ ರಂಗೋಲಿಯನ್ನೂ ಹಾಕುತ್ತೇನೆ ಎನ್ನಬೇಕೆಂದಿದ್ದೆ, ಅದಕ್ಕೆ ಜರ್ಮನ್ ಬರಲಿಲ್ಲ.

ವಾಪಸು ಬರುವಾಗ ರೈಲಿನಲ್ಲಿ ಇವರು ಬಹಳ ಹೊತ್ತು ಕಿಟಕಿಯಾಚೆ ನೋಡುತ್ತಿದ್ದರು. ಪ್ರಯೋಗಾಲಯದ ದೊಡ್ಡ ಹೆಸರು ತಲೆಯಲ್ಲಿ ಸುತ್ತುತ್ತಿದೆ ಎಂದು ನನಗೆ ಗೊತ್ತಿತ್ತು. ನಾನು ಬಾಯಿ ಮುಚ್ಚಿಕೊಂಡಿದ್ದೆ. ನಂಬು, ಒಂದು ಇಡೀ ಸ್ಟೇಷನ್ನಿನಷ್ಟು ದೂರ ಮುಚ್ಚಿಕೊಂಡಿದ್ದೆ. ನನಗಾಗಿ ಬಿಟ್ಟುಕೊಟ್ಟರೆಂದು ಆಮೇಲೆ ಅನ್ನಿಸಬಾರದಲ್ಲ?

"ಮ್ಯೂನಿಕ್‌ಗೆ ಇಲ್ಲ ಅಂತ ಬರೀತೀನಿ," ಎಂದರು ಕೊನೆಗೆ.

"ನನಗೋಸ್ಕರ ಬೇಡ ರೀ."

"ನಿನಗೋಸ್ಕರ ಅಲ್ಲ. ಈ ದೇಶಕ್ಕೆ ಬಂದು ಇಷ್ಟು ವರ್ಷ ಆಯ್ತು. ಗುಟನ್ ಟಾಗ್ ಅಂತ ನಮಸ್ಕಾರ ಹೇಳಿದಾರೆ, ಹೆರ್ ಡಾಕ್ಟರ್ ಅಂದಿದಾರೆ. ಮೆಟ್ಟಿಲ ಮೇಲೆ ನಿಲ್ಸಿ ಊಟ ಆಯ್ತಾ ಅಂತ ಒಬ್ರೂ ಕೇಳಿರ್ಲಿಲ್ಲ ಕಣೇ." ನನ್ನ ಕಡೆ ತಿರುಗಿ, "ಎರಕದ ಕೆಲ್ಸಾನೂ ಲೋಹದ್ದೇ ತಾನೇ?" ಎಂದು ಮತ್ತೆ ಎಂದಿನ ಹಾಗೆ ನಕ್ಕರು. ಎದುರಿನ ಸೀಟಿನ ಮುದುಕಿ ಪೇಪರ್ ಕೆಳಗಿಳಿಸಿ ನೋಡಿದಳು.

ನಾಗರಾಜನಿಗೆ ತಿಳಿಸಿದಾಗ "ಹುಚ್ಚು ಹಿಡಿದಿದೆ ನಿಮಗೆ" ಎಂದ. ಬಂದರೆ ಅವನಿಗೂ ಆಲೂಗಡ್ಡೆ ಆಮ್ಲೆಟ್ ಹಾಕಿಸುತ್ತೇನೆ. ಪಿಲಾರ್‌ಗೆ ನಮ್ಮ ಸಾರು ಕಲಿಸುವುದೆಂದು ಒಪ್ಪಂದವಾಗಿದೆ. ಅವಳು ಕೆಲಸವಿಲ್ಲದ ದಿನ ಟ್ರಾಮ್ ಹತ್ತಿ ಬರುತ್ತಾಳಂತೆ, ಹೇಳದೆ ಕೇಳದೆ.

ಪೆಟ್ಟಿಗೆಗೆ ಹಗ್ಗ ಕಟ್ಟಿಯಾಗಿದೆ. ಬ್ರೆಡ್ ಅಂಗಡಿಯವಳು ಹೇಳಿದ್ದು ನಿಜ, ಭಾನುವಾರ ಸ್ಪೇನಿನವರು ಸ್ಟೇಷನ್ನಿನಲ್ಲಿ ಸೇರುತ್ತಾರೆ. ಊರಿನಿಂದ ಯಾರಾದರೂ ಬಂದರೇ, ಏನಾದರೂ ಸುದ್ದಿ ತಂದರೇ ಎಂದು ನೋಡಲು ಬರುತ್ತಾರಂತೆ. ಈ ಸಲ ಪಿಲಾರ್ ನಮಗಾಗಿ ನಿಂತಿರುತ್ತಾಳೆ. ಯಾವ ಗಾಡಿ ಎಂದು ಅವಳಿಗೆ ಬರೆದು ಹಾಕಿದೆ. ಬರೆದ ಮೇಲೆ, ನಾನು ಹೊಸ ಮನೆಗೆ ಹೋಗುವುದನ್ನು ಮೊದಲು ಹೇಳಬೇಕಾದವಳಿಗೆ ಹೇಳಲಿಲ್ಲವಲ್ಲ ಎನ್ನಿಸಿತು. ಅದಕ್ಕೇ ಅತ್ತೆ, ನೀನೂ ಕೇಳಿಸಿಕೋ: ನಾನು ಹ್ಯಾನೋವರ್‌ಗೆ ಬರುತ್ತಿರುವುದು ಈ ಭಾನುವಾರ, ಫ್ರಾಂಕ್‌ಫರ್ಟ್‌ನಿಂದ ಗಾಟಿಂಗೆನ್ ಮೇಲೆ ಹ್ಯಾಂಬರ್ಗ್‌ಗೆ ಹೋಗುವ ಬೆಳಗಿನ ಎಕ್ಸ್‌ಪ್ರೆಸ್ಸಿನಲ್ಲಿ.